ಸಾಕ್ಷಿ ತಿರುಗಿತೋ, ತಿರುಗಿಸಿದರೋ?

ತಿಕೋಟಾದಿಂದಲೋ ಬಬಲೇಶ್ವರದಿಂದಲೋ ವಿಜಯಪುರದ ಕೋರ್ಟಿಗೆ ಬಂದ ಹೆಣ್ಣುಮಗಳು ಕಟಕಟೆಯಲ್ಲಿ “ಜಾರಿ ಬಿದ್ದೆ” ಎಂದಳೆಂದರೆ ಗಂಡ ನಿರ್ದೋಷಿಯೇ? ಸಂಜೆಗೆ ಆಕೆ ಮರಳಬೇಕಾದುದು ಅವನ ಮನೆಗೇ! ಕಾರ್ಮಿಕ ಬಂಧುಗಳೇ, ಮಾಲಿಕನೆದುರು ಕೂಲಿಕಾರ ಬಾಯಿ ಕಟ್ಟಿಕೊಂಡರೆ ಅದನ್ನು ಒಪ್ಪಿಗೆಯೆಂದು ಬಗೆಯುವಿರಾ?

1983ರಲ್ಲಿ ಬಂದ 498-ಎ ಕಲಮು 2024ರಿಂದ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ಖಟ್ಲೆ ನಡೆಸುವುದು ಸರಕಾರ, ಹೆಂಡತಿಯಲ್ಲ. ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಕಾನೂನಿನಲ್ಲಿಲ್ಲ. ಡಾಕ್ಟರರು ಬರೆದ ಗಾಯದ ದಾಖಲೆ, ಕೂಗು ಕೇಳಿದ ನೆರೆಯವರ ಹೇಳಿಕೆ, ಇವನ್ನು ಪೋಲೀಸರು ಮೊದಲ ದಿನವೇ ಕೂಡಿಸಲಿ. 2005ರ ಕಾಯಿದೆಯು ಆಕೆಗೆ ವಾಸದ ಹಕ್ಕನ್ನೂ ಹಣದ ಪರಿಹಾರವನ್ನೂ ಕೊಟ್ಟಿದೆ. ಮೊದಲು ಅದನ್ನು ಕೊಡಿಸಿರಿ, ಆಮೇಲೆ ಸಾಕ್ಷಿ ಕೇಳಿರಿ!

ಅಂಗಡಿಕಾರರೇ, “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದು ಕದ ಮುಚ್ಚಬೇಡಿರಿ. ಆಕೆಯ ಬಾಯಿ ಕಟ್ಟಿದಲ್ಲಿ ಓಣಿಯ ಬಾಯಿ ತೆರೆಯಬೇಕು.