ಚಕ್ರವೆಂಬುದು ಮುಚ್ಚುವ ಬಾಗಿಲಲ್ಲ



ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಿಂದ ಗೃಹಿಣಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮನೆಮಾತು ಬಂಗಾಳಿ. ವಿದ್ಯೆ ಕಲಿತದ್ದು ಕನ್ನಡ ಶಾಲೆಯಲ್ಲಿ. ನೆರೆಮನೆಗೆ ಬರುವ ನಮ್ಮ ಪತ್ರಿಕೆಯನ್ನು ತಪ್ಪದೆ ಓದುತ್ತಾರಂತೆ. ಭತ್ತದ ನಾಟಿಯ ಕಾಲದಲ್ಲಿ ದಿನವಿಡೀ ಬಾಗಿ ದುಡಿಯುವ ತಮ್ಮಂಥವರಿಗೆ ಯಾವ ಯೋಗ ಹಿತಕರ, ಹತ್ತಾರು ಹೆಸರುಗಳಿಂದ ಕರೆಯಲ್ಪಡುವ ಯೋಗಗಳಲ್ಲಿ ಭೇದವೇನು ಎಂಬುದು ಅವರ ಮೊದಲ ಪ್ರಶ್ನೆ. ಎರಡನೆಯದು ಇದಕ್ಕಿಂತ ಗಂಭೀರವಾದುದು. ಅವರ ಅತ್ತೆಯವರಿಗೆ ಕೆಲವು ವಾರಗಳಿಂದ ನಡೆದಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಬಿಡುತ್ತದೆ. ಊರಿಗೆ ಬಂದಿದ್ದ ಉಪದೇಶಕರೊಬ್ಬರು ‘ಅನಾಹತ ಚಕ್ರ ಮುಚ್ಚಿಕೊಂಡಿದೆ’ ಎಂದು ಹೇಳಿ, ಹಸಿರು ಕಲ್ಲಿನ ಸರವನ್ನು ಕೊಟ್ಟು, ನಲವತ್ತು ದಿನಗಳ ಧ್ಯಾನವನ್ನು ವಿಧಿಸಿ ಹೋಗಿದ್ದಾರೆ. ಚಕ್ರವು ತೆರೆಯುವವರೆಗೆ ಕಾಯಬೇಕೆ ಎಂದು ಈ ತಾಯಿ ಕೇಳಿದ್ದಾರೆ.

ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುವುದು ಧರ್ಮ. ಕಾಯಬಾರದು. ನಡೆದಾಗ ಬಂದು ನಿಂತಾಗ ಹೋಗುವ ಎದೆಯ ಹಿಡಿತವು ಹೃದಯಕ್ಕೆ ರಕ್ತವನ್ನು ಒಯ್ಯುವ ನಾಳಗಳು ಕಿರಿದಾಗಿರುವುದರ ಲಕ್ಷಣವಾಗಿರಬಹುದು. ಇಂದೇ ವೈದ್ಯರಲ್ಲಿಗೆ ಕರೆದೊಯ್ದು ಹೃದಯದ ಪರೀಕ್ಷೆ ಮಾಡಿಸಬೇಕು. ಕುಳಿತಿರುವಾಗಲೂ ನೋವು ಬಂದು, ಅದು ತೋಳಿಗಾಗಲಿ ದವಡೆಗಾಗಲಿ ಹರಡಿ, ಮೈ ಬೆವರಿದರೆ, ಆ ಗಳಿಗೆಯಲ್ಲೇ ೧೦೮ ಸಂಖ್ಯೆಗೆ ಕರೆ ಮಾಡಬೇಕು. ಇದು ಮುಗಿದ ಮೇಲೆ ಚಕ್ರದ ವಿಚಾರ.

ಹಾಗಾದರೆ ಚಕ್ರಗಳೆಂದರೇನು? ಮೂಲಾಧಾರ, ಸ್ವಾಧಿಷ್ಠಾನ, ಮಣಿಪೂರಕ, ಅನಾಹತ, ವಿಶುದ್ಧಿ, ಆಜ್ಞಾ ಎಂಬ ಆರು ಹೆಸರುಗಳು ನಮ್ಮ ಮನೆಗಳಲ್ಲಿ ಅಪರಿಚಿತವಲ್ಲ. ಆದರೆ ಎಲ್ಲ ಗ್ರಂಥಗಳೂ ಆರನ್ನೇ ಹೇಳುವುದಿಲ್ಲ. ನಾಥಪಂಥದ ‘ಸಿದ್ಧಸಿದ್ಧಾಂತ ಪದ್ಧತಿ’ಯು ಒಂಬತ್ತು ಚಕ್ರಗಳನ್ನು ಎಣಿಸುತ್ತದೆ. ಅವು ಯಕೃತ್ತಿನಂತೆ, ಮೂತ್ರಪಿಂಡದಂತೆ ಶರೀರವನ್ನು ಸೀಳಿ ನೋಡಿದರೆ ಸಿಗುವ ಅವಯವಗಳಾಗಿದ್ದರೆ ಗ್ರಂಥದಿಂದ ಗ್ರಂಥಕ್ಕೆ ಸಂಖ್ಯೆ ಬದಲಾಗುತ್ತಿರಲಿಲ್ಲ. ಸಾಧಕನು ತನ್ನ ಮನಸ್ಸನ್ನು ಕ್ರಮಕ್ರಮವಾಗಿ ನಿಲ್ಲಿಸುವ ಭಾವನಾಸ್ಥಾನಗಳು ಅವು.

ಈ ವಿಷಯದಲ್ಲಿ ಪತ್ರ ಬರೆದ ತಾಯಿಗೆ ಸಂತೋಷ ತರುವ ಸಂಗತಿಯೊಂದುಂಟು. ಆರ್.ಎಚ್. ಕ್ಯಾಂಪ್ ಎಂದರೆ ಪುನರ್ವಸತಿ ಶಿಬಿರ. ಅಂದಿನ ಪೂರ್ವ ಪಾಕಿಸ್ತಾನದಿಂದ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳು ಸುಮಾರು ಐದು ದಶಕಗಳ ಹಿಂದೆ ತುಂಗಭದ್ರೆಯ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ನೆಲೆಗೊಂಡವು. ಇಂದು ಜಗತ್ತಿನಾದ್ಯಂತ ಪ್ರಚಾರದಲ್ಲಿರುವ ಚಕ್ರಗಳ ವರ್ಣನೆಗೆ ಮುಖ್ಯ ಆಧಾರವಾದ ‘ಷಟ್ಚಕ್ರನಿರೂಪಣ’ವನ್ನು ೧೫೭೭ರಲ್ಲಿ ರಚಿಸಿದ ಪೂರ್ಣಾನಂದ ಯತಿಗಳು ಬಂಗಾಳದವರೇ. ಕಲ್ಕತ್ತೆಯ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಜಾನ್ ವುಡ್ರಫ್ ಅವರು ಆರ್ಥರ್ ಅವಲಾನ್ ಎಂಬ ಹೆಸರಿನಿಂದ ೧೯೧೯ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೇಲೆ ಪಾಶ್ಚಾತ್ಯರ ಗಮನ ಇತ್ತ ಹರಿಯಿತು.

ಆ ಗ್ರಂಥದಲ್ಲಿ ಚಕ್ರಗಳ ದಳಗಳು ಕ್ರಮವಾಗಿ ೪, ೬, ೧೦, ೧೨, ೧೬ ಮತ್ತು ೨, ಒಟ್ಟು ೫೦. ಸಂಸ್ಕೃತ ವರ್ಣಮಾಲೆಯ ಒಂದೊಂದು ಅಕ್ಷರ ಒಂದೊಂದು ದಳದಲ್ಲಿದೆ. ಎಂದರೆ, ಇದು ಜಪಕ್ಕಾಗಿ ರಚಿತವಾದ ನಕ್ಷೆ. ಇನ್ನು ಬಣ್ಣದ ಮಾತು. ಅನಾಹತವು ಬಂಧೂಕ ಪುಷ್ಪದಂತೆ ಕೆಂಪೆಂದು ಪೂರ್ಣಾನಂದರು ಹೇಳಿದ್ದಾರೆ. ಮಣಿಪೂರಕವು ಮಳೆಮೋಡದ ಬಣ್ಣದ್ದು. ಕೆಳಗಿನಿಂದ ಮೇಲಕ್ಕೆ ಕೆಂಪು, ಕಿತ್ತಳೆ, ಹಳದಿ, ಹಸಿರು ಎಂದು ಕಾಮನಬಿಲ್ಲಿನ ಬಣ್ಣಗಳನ್ನು ಜೋಡಿಸಿದ್ದು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಲೇಖಕರು. ಅದು ಹೆಚ್ಚು ಪ್ರಚಾರಕ್ಕೆ ಬಂದದ್ದು ೧೯೭೦ರ ದಶಕದಿಂದೀಚೆಗೆ. ಆದ್ದರಿಂದ ಎದೆಗೆ ಹಸಿರು ಕಲ್ಲು ಎಂಬ ಉಪಚಾರಕ್ಕೆ ವೈದ್ಯಶಾಸ್ತ್ರದ ಆಧಾರವೂ ಇಲ್ಲ, ಈ ಯೋಗಗ್ರಂಥದ ಆಧಾರವೂ ಇಲ್ಲ.

ಕನ್ನಡ ನಾಡಿನ ಶಿವಯೋಗ ಪರಂಪರೆಯು ಈ ಚಕ್ರಗಳಿಗೆ ಕೊಟ್ಟ ಅರ್ಥವು ಗೃಹಸ್ಥರಿಗೆ ಹೆಚ್ಚು ಉಪಯುಕ್ತವಾದುದು. ಚೆನ್ನಬಸವಣ್ಣನವರ ಹೆಸರಿನಲ್ಲಿ ಪ್ರಸಿದ್ಧವಾದ ‘ಕರಣಹಸಿಗೆ’ಯು ಶರೀರತತ್ತ್ವಗಳನ್ನು ವಿವೇಚಿಸುವ ಕೃತಿ. ಆಧಾರದಲ್ಲಿ ಭಕ್ತಸ್ಥಲ ಮತ್ತು ಆಚಾರಲಿಂಗ, ಸ್ವಾಧಿಷ್ಠಾನದಲ್ಲಿ ಮಹೇಶಸ್ಥಲ ಮತ್ತು ಗುರುಲಿಂಗ, ಮಣಿಪೂರಕದಲ್ಲಿ ಪ್ರಸಾದಿ ಮತ್ತು ಶಿವಲಿಂಗ, ಅನಾಹತದಲ್ಲಿ ಪ್ರಾಣಲಿಂಗಿ ಮತ್ತು ಜಂಗಮಲಿಂಗ, ವಿಶುದ್ಧಿಯಲ್ಲಿ ಶರಣ ಮತ್ತು ಪ್ರಸಾದಲಿಂಗ, ಆಜ್ಞೆಯಲ್ಲಿ ಐಕ್ಯ ಮತ್ತು ಮಹಾಲಿಂಗ ಎಂಬ ಸಂಬಂಧವನ್ನು ನಮ್ಮ ಷಟ್‌ಸ್ಥಲಶಾಸ್ತ್ರವು ಹೇಳುತ್ತದೆ. ಇದರ ತಾತ್ಪರ್ಯವನ್ನು ಗಮನಿಸಬೇಕು. ಅತ್ಯಂತ ಕೆಳಗಿನ ನೆಲೆಯಲ್ಲಿರುವುದು ಆಚಾರ. ಹೊಟ್ಟೆಯ ನೆಲೆಯಲ್ಲಿರುವುದು ಪ್ರಸಾದಬುದ್ಧಿ, ಎಂದರೆ ದೊರೆತುದನ್ನು ಕೃತಜ್ಞತೆಯಿಂದ ಮಿತವಾಗಿ ಸ್ವೀಕರಿಸುವುದು. ನಡತೆಯನ್ನು ತಿದ್ದಿಕೊಳ್ಳದೆ ಭ್ರೂಮಧ್ಯದಲ್ಲಿ ಬೆಳಕು ಕಾಣಲು ಹೊರಡುವವನು ಅಡಿಪಾಯವಿಲ್ಲದೆ ಮಹಡಿ ಕಟ್ಟುವವನಂತೆ. ಹೀಗೆ ಚಕ್ರವು ಕಟ್ಟಿಕೊಳ್ಳುವ ಕೊಳವೆಯಲ್ಲ, ಮುಚ್ಚಿಕೊಳ್ಳುವ ಬಾಗಿಲೂ ಅಲ್ಲ, ಏರಬೇಕಾದ ಮೆಟ್ಟಿಲು. ಹಣ ತೆತ್ತು ಇನ್ನೊಬ್ಬರಿಂದ ಅದನ್ನು ಏರಿಸಿಕೊಳ್ಳಲು ಬಾರದು.

ಈಗ ಮೊದಲ ಪ್ರಶ್ನೆ. ಯೋಗವು ಆಸನವೊಂದೇ ಅಲ್ಲ. ಪತಂಜಲಿಯ ಸುಮಾರು ೧೯೫ ಸೂತ್ರಗಳಲ್ಲಿ ಆಸನಕ್ಕೆ ಮೀಸಲಾದವು ಮೂರು. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ‘ಹಠಪ್ರದೀಪಿಕೆ’ಯು ೧೫ ಆಸನಗಳನ್ನು ಹೇಳುತ್ತದೆ, ಅವುಗಳಲ್ಲಿ ಬಹುಪಾಲು ಕುಳಿತು ಮಾಡತಕ್ಕವು. ಇಂದು ಲೋಕಪ್ರಸಿದ್ಧವಾಗಿರುವ ಹಲವು ಆಸನಪದ್ಧತಿಗಳ ತವರು ನಮ್ಮ ಮೈಸೂರು. ಚಿತ್ರದುರ್ಗ ಸೀಮೆಯಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೩೩ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದರು. ಅವರ ‘ಯೋಗಮಕರಂದ’ವು ೧೯೩೪ರಲ್ಲಿ ಮೊದಲು ಪ್ರಕಟವಾದುದು ಕನ್ನಡದಲ್ಲಿ. ಅವರ ಶಿಷ್ಯರಲ್ಲಿ ಪಟ್ಟಾಭಿ ಜೋಯಿಸರು ಉಸಿರಿನೊಡನೆ ಚಲನೆಯನ್ನು ಪೋಣಿಸುವ ಅಷ್ಟಾಂಗ ವಿನ್ಯಾಸವನ್ನು ಬೆಳೆಸಿದರು; ಅದಕ್ಕೆ ಮೈಕಸುವು ಬೇಕು. ಕೋಲಾರದ ಕಡೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರರು ಹಗ್ಗ, ಪಟ್ಟಿ, ಇಟ್ಟಿಗೆಯಾಕಾರದ ಮರದ ತುಂಡುಗಳ ಆಸರೆಯಿಂದ ವೃದ್ಧರೂ ರೋಗಿಗಳೂ ಆಸನದಲ್ಲಿ ನಿಲ್ಲುವಂತೆ ಮಾಡಿದರು. ೧೯೯೬ರಲ್ಲಿ ಲಿಂಗೈಕ್ಯರಾದವರಂತೆಯೇ ನಾಡು ಸ್ಮರಿಸುವ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಊರೂರಿಗೆ ಹೋಗಿ ಯೋಗವನ್ನು ಸಾಮಾನ್ಯರ ಅಂಗಳಕ್ಕೆ ತಂದರು. ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಆಸನ, ಪ್ರಾಣಾಯಾಮಗಳು ಲಿಂಗಪೂಜೆಗೆ ದೇಹಮನಸ್ಸುಗಳನ್ನು ಅಣಿಗೊಳಿಸುವ ಸಾಧನಗಳಾದವು. ಹೆಸರು ಯಾವುದಾದರೂ ಆಗಲಿ, ತನ್ನ ವಯಸ್ಸು, ಕಾಯಕ, ದೇಹಸ್ಥಿತಿಗೆ ಒಪ್ಪುವುದೇ ತನಗೆ ತಕ್ಕ ಯೋಗ.

ಗದ್ದೆಯಲ್ಲಿ ದುಡಿಯುವವರಿಗೆ ವ್ಯಾಯಾಮದ ಕೊರತೆಯಿಲ್ಲ. ಒಂದೇ ಕಡೆಗೆ ಬಾಗುವುದರಿಂದ ಬೆನ್ನಿಗೆ ಆಯಾಸ. ಅಂಥವರು ಸಂಜೆ ಮತ್ತೆ ಮುಂದಕ್ಕೆ ಬಾಗುವ ಆಸನಗಳನ್ನೇ ಮಾಡುವುದು ಉಚಿತವಲ್ಲ. ಊಟಕ್ಕೆ ಮೊದಲು ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಿಚಿ ಐದು ನಿಮಿಷ ಬೆನ್ನಿಗೆ ವಿಶ್ರಾಂತಿ ಕೊಡಬೇಕು. ಅನಂತರ ಅದೇ ಸ್ಥಿತಿಯಲ್ಲಿ ಸೊಂಟವನ್ನು ಮೆಲ್ಲನೆ ಮೇಲೆತ್ತುವ ಸೇತುಬಂಧವನ್ನು ನಾಲ್ಕೈದು ಬಾರಿ, ಬೋರಲು ಮಲಗಿ ಎದೆಯನ್ನು ಸ್ವಲ್ಪವೇ ಎತ್ತುವ ಭುಜಂಗಾಸನವನ್ನು ನಾಲ್ಕೈದು ಬಾರಿ ಮಾಡಬೇಕು. ಕೊನೆಗೆ ಶವಾಸನ. ನೋವು ಹೆಚ್ಚಾದರೆ ಅಲ್ಲಿಗೇ ಬಿಡಬೇಕು. ಬಹುಕಾಲದ ಸೊಂಟನೋವಿಗೆ ಯೋಗಾಭ್ಯಾಸವು ಸ್ವಲ್ಪಮಟ್ಟಿನ ಉಪಶಮನ ನೀಡುತ್ತದೆಂದು ವೈದ್ಯಕೀಯ ಪರೀಕ್ಷೆಗಳು ತೋರಿಸಿವೆ. ಪವಾಡವನ್ನು ಅವು ತೋರಿಸಿಲ್ಲ.

ಮುಂಜಾನೆ ಹತ್ತು ನಿಮಿಷ ನೆಟ್ಟಗೆ ಕುಳಿತು, ಬಿಗಿಹಿಡಿಯದೆ, ನಿಧಾನವಾಗಿ ಉಸಿರಾಡುವುದು ಎಲ್ಲರಿಗೂ ಹಿತ. ಉಸಿರು ನಿಧಾನವಾದರೆ ನಾಡಿಯ ವೇಗ ಇಳಿಯುತ್ತದೆ, ಮನಸ್ಸು ತಿಳಿಯಾಗುತ್ತದೆ. ಲಿಂಗಧಾರಿಗಳು ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಲಿ; ಅನ್ಯರು ತಮ್ಮ ಇಷ್ಟದೈವವನ್ನು ಹೃದಯಸ್ಥಾನದಲ್ಲಿ ನೆನೆಯಲಿ. ಕುಂಭಕವನ್ನು ಗುರುಮುಖದಿಂದಲ್ಲದೆ ಮಾಡಬಾರದು. ರಕ್ತದೊತ್ತಡ, ಕಣ್ಣಿನ ಒತ್ತಡದ ವ್ಯಾಧಿ ಇರುವವರು ಶೀರ್ಷಾಸನಕ್ಕೆ ಹೋಗಬಾರದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಅಭ್ಯಾಸ ಮಾಡಬೇಕು. ಧ್ಯಾನವನ್ನು ನೆಚ್ಚಿ ಸಕ್ಕರೆ ಕಾಯಿಲೆಯ ಗುಳಿಗೆಯನ್ನಾಗಲಿ ಒತ್ತಡದ ಗುಳಿಗೆಯನ್ನಾಗಲಿ ತಾವಾಗಿ ನಿಲ್ಲಿಸಬಾರದು.

ದೇಹವು ಸಾಧನೆಗೆ ದೊರೆತ ಮನೆ. ಅದರ ಸೂರು ಸೋರಿದಾಗ ಬಡಗಿಯನ್ನು ಕರೆಯುವುದು ಭಕ್ತಿಗೆ ಕುಂದಲ್ಲ. ವೈದ್ಯರನ್ನು ಕರೆಯುವುದೂ ಹಾಗೆಯೇ. ಅತ್ತೆಯವರ ಎದೆಯ ನೋವನ್ನು ಕಂಡು ಮರುಗಿ ಪತ್ರ ಬರೆದ ಆ ಸೊಸೆಯ ಅಂತಃಕರಣವೇ ಅನಾಹತದ ಗುಣ. ಅದು ಎಲ್ಲ ಮನೆಗಳಲ್ಲೂ ನೆಲೆಸಲಿ.