ಅಧ್ಯಕ್ಷರ ಹಗರಣ ನೋಡಿದ್ದಾಯಿತು, ಕರಾರಿನ ಕಾಗದ ನೋಡಿದವರು ಯಾರು?



2024ರ ಮೇ 30ನೇ ತಾರೀಖು ನಿಮಗೆ ನೆನಪಿರಬೇಕು. ಅವತ್ತು ಹಗಲು ರಾಜ್ಯದ ಮೂಲೆಮೂಲೆಯಿಂದ ಬಂದ ಸಾವಿರಾರು ಜನ, ಅದರಲ್ಲೂ ಹೆಂಗಸರು, ಹಾಸನದ ಬೀದಿಯಲ್ಲಿ ಮೆರವಣಿಗೆ ಹೋದರು. ನಮ್ಮ ಸಂಸದ ಪ್ರಜ್ವಲ್ ರೇವಣ್ಣನವರನ್ನು ಬಂಧಿಸಿ ಎಂಬುದೇ ಅವರ ಕೂಗು. ನಡುರಾತ್ರಿ ಕಳೆದ ಮೇಲೆ ಜರ್ಮನಿಯಿಂದ ಬಂದ ವಿಮಾನ ಬೆಂಗಳೂರಿನಲ್ಲಿ ಇಳಿಯಿತು, ಪೊಲೀಸರು ಅವರನ್ನು ಹಿಡಿದರು. ಅದೇ ರಾತ್ರಿ, ನಮ್ಮ ಗಡಿಯಾರದಲ್ಲಿ ಇನ್ನೂ ಕೋಳಿ ಕೂಗುವ ಮುಂಚೆ, ನ್ಯೂಯಾರ್ಕಿನ ಕೋರ್ಟಿನಲ್ಲಿ ಪಂಚರು ಡೊನಾಲ್ಡ್ ಟ್ರಂಪ್ 34 ಆಪಾದನೆಗಳಲ್ಲೂ ತಪ್ಪಿತಸ್ಥ ಎಂದು ಹೇಳಿದರು. ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ಕೊಟ್ಟ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಬೇರೆ ಬಾಬತ್ತಿಗೆ ಬರೆಸಿದ ಮೊಕದ್ದಮೆ ಅದು.

ಬೆಳಿಗ್ಗೆ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಎರಡೂ ಸುದ್ದಿ. ಟ್ರಂಪನ ಸುದ್ದಿಗೆ ನಗು. "ಅಂಥೋನಿಗೂ ಓಟು ಹಾಕ್ತಾರಲ್ಲ, ಆ ದೇಶದೋರಿಗೆ ಬುದ್ಧಿ ಬ್ಯಾಡ್ವೇನ್ರೀ" ಎಂದರು ಒಬ್ಬರು. ನಮ್ಮ ಜಿಲ್ಲೆಯ ಸುದ್ದಿಗೆ ಬಂದಾಗ ದನಿ ತಗ್ಗಿತು. ಪೆನ್‌ಡ್ರೈವ್ ಬಿಟ್ಟೋರು ಯಾರು? ಎಲೆಕ್ಷನ್ ಹೊತ್ತಿಗೇ ಯಾಕೆ ಬಂತು? ದೊಡ್ಡಗೌಡರಿಗೆ ಈ ವಯಸ್ಸಿನಲ್ಲಿ ಈ ಕಷ್ಟ ಬರಬಾರದಿತ್ತು. ಮಾತು ಇಷ್ಟೇ. ಆ ಹೆಂಗಸರು ಈಗ ಎಲ್ಲಿದ್ದಾರೆ, ಅವರ ಮನೆಯಲ್ಲಿ ಒಲೆ ಹತ್ತಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ. ಹಾಲು ಅಳೆಸಿ ಮನೆಗೆ ಬಂದೆ.

ಆಮೇಲೆ ಇದನ್ನೇ ಮೆಲುಕು ಹಾಕುತ್ತಾ ಬಂದಿದ್ದೇನೆ. ಹಗರಣ ಬಂದರೂ, ದೇಶ ದೇಶಗಳ ನಡುವೆ ರಾಜಿ ಕರಾರು ಆದರೂ ನಾವು ನೋಡುವುದು ಮುಖವನ್ನು. ಅವನು ನಮ್ಮೋನೋ, ಬೇರೆಯೋನೋ? ಗಟ್ಟಿಗನೋ, ಪುಕ್ಕಲನೋ? ಬಿದ್ದ ನಷ್ಟ ಯಾರ ಹೆಗಲ ಮೇಲೆ ಹೋಯಿತು ಎಂಬುದನ್ನು ಮಾತ್ರ ನೋಡುವುದಿಲ್ಲ.

ಅಮೆರಿಕದವರಿಗೆ ಬುದ್ಧಿ ಇಲ್ಲ ಎನ್ನುವ ಮುಂಚೆ ನಮ್ಮ ಲೆಕ್ಕ ನೋಡಿಕೊಳ್ಳೋಣ. 2024ರ ಏಪ್ರಿಲ್ 26ಕ್ಕೆ ಹಾಸನ ಕ್ಷೇತ್ರದಲ್ಲಿ ಮತದಾನವಾಯಿತು. ಪೆನ್‌ಡ್ರೈವ್‌ಗಳು ಅದಕ್ಕೆ ಕೆಲವು ದಿನ ಮುಂಚೆಯೇ ಓಡಾಡತೊಡಗಿದ್ದವು. ಕೇಸು ದಾಖಲಾದದ್ದು ಮತದಾನದ ನಂತರ, ಆದ್ದರಿಂದ ಗೊತ್ತಿಲ್ಲದೆ ಹಾಕಿದವರು ಬಹಳ ಮಂದಿ ಇದ್ದಾರೆ. ಆದರೆ ಗೊತ್ತಿದ್ದೂ, ನೋಡಿಯೂ ಹಾಕಿದವರು ಇರಲಿಲ್ಲ ಎಂದು ನಿಮ್ಮ ಎದೆ ಮುಟ್ಟಿ ಹೇಳುತ್ತೀರಾ? ಅವರಿಗೆ 6 ಲಕ್ಷ 30 ಸಾವಿರಕ್ಕೂ ಮೇಲೆ ಓಟು ಬಿದ್ದವು. ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ ಗೆದ್ದದ್ದು 42,649 ಓಟುಗಳಿಂದ. ಟ್ರಂಪ್ ಕೂಡ ತೀರ್ಪು ಬಂದ ಐದೇ ತಿಂಗಳಿಗೆ, ನವೆಂಬರಿನಲ್ಲಿ, ಮತ್ತೆ ಗೆದ್ದರು. ಅಲ್ಲಿಯೂ ಜನ 'ನಮ್ಮೋನು' ಎಂದರು, 'ಎದುರಾಳಿಗಳ ಪಿತೂರಿ' ಎಂದರು. ನಮ್ಮ ಅರಳಿಕಟ್ಟೆಗೂ ಅವರ ಹೋಟೆಲಿಗೂ ಬಹಳ ದೂರವೇನಿಲ್ಲ.

ಇನ್ನೊಂದು ಸಂಗತಿ. ಏಪ್ರಿಲ್ 27ರಂದು ನಮ್ಮ ಸಂಸದರು ಜರ್ಮನಿಗೆ ಹೋದದ್ದು ರಾಜತಾಂತ್ರಿಕ ಪಾಸ್‌ಪೋರ್ಟಿನಲ್ಲಿ. ಸಂಸತ್ ಸದಸ್ಯರಿಗೆ ದೇಶದ ಕೆಲಸಕ್ಕೆ ಅಂತ ಕೊಡುವ ಪುಸ್ತಕ ಅದು, ಅದಿದ್ದರೆ ಜರ್ಮನಿಗೆ ವೀಸಾ ಬೇಡ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದನ್ನು ರದ್ದು ಮಾಡಿ ಎಂದು ಪ್ರಧಾನಿಗೆ ಪತ್ರ ಬರೆದರು. ವಿದೇಶಾಂಗ ಇಲಾಖೆ ಕಾರಣ ಕೇಳಿ ನೋಟೀಸು ಕೊಡುವ ಹೊತ್ತಿಗೆ ಸುಮಾರು ಒಂದು ತಿಂಗಳು ಕಳೆದಿತ್ತು. ಮೇ 23ರಂದು ತಾತ ದೇವೇಗೌಡರೇ 'ಎಲ್ಲಿದ್ದರೂ ಬಾ' ಎಂದು ಎಚ್ಚರಿಕೆಯ ಪತ್ರ ಹೊರಡಿಸಬೇಕಾಯಿತು. ಸೊಸೈಟಿಯ ಸಾಲದ ಕಂತು ಒಂದು ತಿಂಗಳು ತಡವಾದರೆ ನಿಮ್ಮ ಮನೆ ಬಾಗಿಲಿಗೆ ನೋಟೀಸು ಎಷ್ಟು ಬೇಗ ಬರುತ್ತದೆ ಎಂದು ಇಲ್ಲಿ ಬರೆಯಬೇಕಾಗಿಲ್ಲ.

ಆ ಒಂದು ತಿಂಗಳಲ್ಲಿ ಊರು ಬಿಟ್ಟವರು ಆ ಹೆಂಗಸರು. ಮುಖ ಕಾಣುವಂತೆ ಚಿತ್ರ ಹಂಚಿದವರೂ ಅವರಿಗೆ ಅನ್ಯಾಯ ಮಾಡಿದವರೇ, ಅದು ಯಾವ ಪಕ್ಷದವರೇ ಆಗಿರಲಿ. ಕೈಯಿಂದ ಕೈಗೆ ದಾಟಿಸಿ, 'ನೋಡಿದ್ಯಾ, ಇವಳು ಯಾರು ಗೊತ್ತಾ' ಎಂದ ನಮ್ಮ ಹುಡುಗರೂ, ನಮ್ಮ ಗಂಡಸರೂ ಆ ಲೆಕ್ಕದಲ್ಲಿ ಬರುತ್ತಾರೆ. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ತಪ್ಪಿತಸ್ಥ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸಿನ ಮೇಲಿನ ಅತ್ಯಾಚಾರದ ಮೊಕದ್ದಮೆ ಅದು. ಮೇಲಿನ ಕೋರ್ಟಿಗೆ ಹೋಗುವ ಹಕ್ಕು ಎಲ್ಲರಿಗೂ ಇದೆ, ಇರಲಿ. ಆದರೆ ಸ್ವಾಮಿ, ನೀವು ಜಮೀನು ಇರುವವರು. ನಿಮ್ಮ ಕಳೆ ಕೀಳಲು, ಸೆಗಣಿ ಬಾಚಲು ಬರುವವರು ಅಂಥ ಹೆಂಗಸರೇ. ಅವರಲ್ಲಿ ಒಬ್ಬಳು ದೊಡ್ಡ ಮನೆತನದ ಎದುರು ಕೋರ್ಟಿನಲ್ಲಿ ನಿಂತು ಗೆದ್ದಳು. ಇದನ್ನು ಗೌಡರ ಮನೆಯ ದುಃಖ ಎಂದು ಮಾತ್ರ ಮಾತಾಡಿದರೆ ಹೇಗೆ?

ಈಗ ಬೆಲೆಯ ಮಾತಿಗೆ ಬರುತ್ತೇನೆ, ಏಕೆಂದರೆ ಅಲ್ಲಿಯೂ ಇದೇ ಚಾಳಿ. ಪ್ರಜ್ವಲ್ ತೀರ್ಪಿನ ಹಿಂದಿನ ದಿನ, ಅಂದರೆ ಜುಲೈ 31ರಂದು, ಟ್ರಂಪ್ ನಮ್ಮ ದೇಶದ ಸರಕಿನ ಮೇಲೆ ಶೇ. 25 ಸುಂಕದ ಆದೇಶಕ್ಕೆ ಸಹಿ ಹಾಕಿದರು. ರಷ್ಯಾದ ಎಣ್ಣೆ ಕೊಳ್ಳುತ್ತೀರಿ ಎಂದು ಇನ್ನೂ ಶೇ. 25 ಸೇರಿಸಿ ಆಗಸ್ಟ್ 27ಕ್ಕೆ ಶೇ. 50 ಮಾಡಿದರು. ಅದೇ ಜುಲೈನಲ್ಲಿ ಅವರ ದೇಶದಲ್ಲಿ ಎಪ್‌ಸ್ಟೀನ್ ಕಡತಗಳ ಗದ್ದಲ. ನಮ್ಮಲ್ಲಿಯೂ ಟಿವಿ ತುಂಬಾ ಅದೇ. ಭಾರತ ಪಾಕಿಸ್ತಾನದ ಜಗಳ ಬಿಡಿಸಿದ್ದು ನಾನೇ ಎಂದು ಅವರು, ಅಲ್ಲ ಎಂದು ನಮ್ಮ ಸರ್ಕಾರ. ಕೇಳೋಕೆ ಚೆನ್ನಾಗಿತ್ತು. ಆದರೆ ಸುಂಕದ ದೊಣ್ಣೆ ಬೀಸಿ ಅವರು ಕೇಳುತ್ತಿದ್ದುದೇನು? ಹಾಲು, ಮುಸುಕಿನ ಜೋಳ, ಸೋಯಾಕ್ಕೆ ನಿಮ್ಮ ಬಾಗಿಲು ತೆಗೆಯಿರಿ ಎಂದು. 140 ಕೋಟಿ ಜನ ಇದ್ದೀರಿ, ನಮ್ಮ ಜೋಳ ಒಂದು ಬುಶೆಲ್ ಕೊಳ್ಳುವುದಿಲ್ಲವಲ್ಲ ಎಂದು ಅವರ ವಾಣಿಜ್ಯ ಮಂತ್ರಿ ಲುಟ್ನಿಕ್ ಸೆಪ್ಟೆಂಬರಿನಲ್ಲಿ ಅಂದರು. ಒಂದು ಬುಶೆಲ್ ಅಂದರೆ ಇಪ್ಪತ್ತೈದು ಕೆಜಿ ಚಿಲ್ಲರೆ, ನಮ್ಮ ಅರ್ಧ ಮೂಟೆ.

ಇದು ಹೊಸ ಆಟವೇನಲ್ಲ. ವಯಸ್ಸಾದವರಿಗೆ 1965-66ರ ಬರ ನೆನಪಿರುತ್ತದೆ, ಪಿ.ಎಲ್. 480ರ ಗೋಧಿ, ರೇಷನ್ನಿನ ಕೆಂಪು ಜೋಳ ನೆನಪಿರುತ್ತದೆ. ಆಗ ಅಧ್ಯಕ್ಷ ಜಾನ್ಸನ್, ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿತು ಎಂಬ ಸಿಟ್ಟೂ ಸೇರಿ, ಗೋಧಿಯನ್ನು ತಿಂಗಳು ತಿಂಗಳಿಗೆ ಅಳೆದು ಅಳೆದು ಬಿಟ್ಟರು. ಆಮೇಲೆ ನಿಕ್ಸನ್. 1971ರ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳಿಸಿದ್ದು ಎಲ್ಲರಿಗೂ ಗೊತ್ತು, ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿ 1974ರ ಆಗಸ್ಟಿನಲ್ಲಿ ಕುರ್ಚಿ ಬಿಟ್ಟದ್ದೂ ಗೊತ್ತು. ಆದರೆ ವಾಟರ್‌ಗೇಟ್ ಕಳ್ಳತನ ನಡೆದ 1972ರ ಬೇಸಿಗೆಯಲ್ಲೇ ಅದೇ ಸರ್ಕಾರ ಸಬ್ಸಿಡಿ ಕೊಟ್ಟು ರಷ್ಯಾಕ್ಕೆ ರಾಶಿರಾಶಿ ಗೋಧಿ ಮಾರಿದ್ದು ಎಷ್ಟು ಜನಕ್ಕೆ ಗೊತ್ತು? ಜಗತ್ತಿನ ಪೇಟೆಯಲ್ಲಿ ಗೋಧಿ ಬೆಲೆ ಏರಿ ಕೂತಿತು. ಅದೇ ವರ್ಷ ನಮಗೆ ಬರ, ಕೊಳ್ಳಬೇಕಾದವರು ನಾವು. ಹಗರಣದ ಬಗ್ಗೆ ಪುಸ್ತಕ ಬಂತು, ಸಿನಿಮಾ ಬಂತು. ಗೋಧಿಯ ವ್ಯಾಪಾರಕ್ಕೆ ಯಾವ ಸಿನಿಮಾ?

ಪ್ರಧಾನಿ ಮೋದಿಯವರು 2025ರ ಆಗಸ್ಟ್ 7ರಂದು, ರೈತರ, ಹೈನುಗಾರರ, ಮೀನುಗಾರರ ಹಿತ ಬಿಟ್ಟುಕೊಡುವುದಿಲ್ಲ, ಅದಕ್ಕೆ ನಾನೇ ಬೆಲೆ ತೆರಬೇಕಾದರೂ ಸರಿ ಎಂದರು. ಒಳ್ಳೆಯ ಮಾತು. ನಮ್ಮವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹನ್ನೆರಡನೇ ದಿನಕ್ಕೆ, ಆಗಸ್ಟ್ 19ರಿಂದ, ಹೊರಗಿನ ಹತ್ತಿಯ ಮೇಲಿದ್ದ ಶೇ. 11 ಸುಂಕ ತೆಗೆದರು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ಆಮೇಲೆ ಡಿಸೆಂಬರ್ ಕೊನೆಯವರೆಗೆ ಎಂದರು. ರಾಯಚೂರಿನವರ ಹತ್ತಿ, ನಮಗೇನು ಎಂದು ನಾವು ಸುಮ್ಮನಿದ್ದೆವು.

2026ರ ಫೆಬ್ರವರಿ ಮೊದಲ ವಾರದಲ್ಲಿ ಎರಡೂ ದೇಶಗಳು ಜಂಟಿ ಹೇಳಿಕೆ ಹೊರಡಿಸಿದವು. ಸುಂಕ ಶೇ. 18ಕ್ಕೆ ಇಳಿಯುತ್ತದೆ ಎಂಬುದು ದಪ್ಪ ಅಕ್ಷರದಲ್ಲಿ ಬಂತು. ಅದಕ್ಕೆ ಪ್ರತಿಯಾಗಿ ನಾವು ಸುಂಕ ಇಳಿಸುವ ಅಥವಾ ತೆಗೆಯುವ ಸರಕಿನ ಸಾಲು ಕೆಳಗಿತ್ತು: ದನಕೋಳಿಗಳ ಮೇವಿಗೆ ಜೋಳದ ಹಿಂಡಿ, ಮೇವಿಗೆ ಕೆಂಪು ಜೋಳ, ಸೋಯಾ ಎಣ್ಣೆ, ಹಣ್ಣು, ಬಾದಾಮಿಯಂಥವು, ಮದ್ಯ. ಅರವತ್ತು ವರ್ಷದ ಹಿಂದೆ ರೇಷನ್ನಿಗೆ ಬಂದ ಕೆಂಪು ಜೋಳ ಈಗ ಬಾನಿಗೆ ಬರುತ್ತದಂತೆ! ಹಾಲು ಪಟ್ಟಿಯಲ್ಲಿ ಇಲ್ಲ, ಅದನ್ನು ಒಪ್ಪಬೇಕು. ಅದೇ ಫೆಬ್ರವರಿ 20ಕ್ಕೆ ಅಮೆರಿಕದ ಸುಪ್ರೀಂ ಕೋರ್ಟು, ತುರ್ತು ಅಧಿಕಾರದ ಆ ಕಾಯಿದೆಯಲ್ಲಿ ಅಧ್ಯಕ್ಷರಿಗೆ ಸುಂಕ ಹಾಕುವ ಅಧಿಕಾರವೇ ಇಲ್ಲ ಎಂದಿತು. ಅಂದರೆ ಯಾವ ದೊಣ್ಣೆ ತೋರಿಸಿ ನಮ್ಮ ಕೈಲಿ ಆ ಸಾಲು ಬರೆಸಿಕೊಂಡರೋ ಆ ದೊಣ್ಣೆಯೇ ಅವರದಾಗಿರಲಿಲ್ಲ.

ಜೋಳದ ಹಿಂಡಿ ಅಂದರೆ ಅಲ್ಲಿ ಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಸರಕು. ಹಸು ಕಟ್ಟಿದವನಿಗೆ ಹಿಂಡಿ ಅಗ್ಗವಾದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚನ್ನರಾಯಪಟ್ಟಣದ ಕಡೆ ಹಾಲಿನ ಬಟವಾಡೆಯಿಂದಲೇ ಸಂಸಾರ ತೂಗಿಸುವ ಮನೆಗಳು ಎಷ್ಟಿಲ್ಲ! ಆದರೆ ಅದೇ ಮನೆಯವನ ಹೊಲದಲ್ಲಿ ಜೋಳವೂ ಇದೆಯಲ್ಲ. ಅಂಗಮಾರಿಗೆ ಸೋತು ಆಲೂಗಡ್ಡೆ ಬಿಟ್ಟ ಹಾಸನ, ಅರಕಲಗೂಡಿನ ರೈತ ಹೋಗಿ ನಿಂತದ್ದು ಮುಸುಕಿನ ಜೋಳಕ್ಕೇ. ಅದನ್ನು ಕೊಳ್ಳುವವರು ಕೋಳಿ ಮೇವಿನವರು, ಪಶು ಆಹಾರದವರು, ಎಥನಾಲಿನವರು. 2025ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಕಾಗದದಲ್ಲಿ ಇತ್ತು. ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಅದಕ್ಕಿಂತ ನೂರಾರು ರೂಪಾಯಿ ಕೆಳಗೆ ಹೋಯಿತು, ಹಾವೇರಿ, ಗದಗದವರು ರಸ್ತೆಗೆ ಇಳಿದರು. ಅಮೆರಿಕದ ಹಿಂಡಿ ಇನ್ನೂ ಬಾರದ ಹೊತ್ತಿನ ಕಥೆ ಅದು. ಬಂದ ಮೇಲೆ? ಹಿಂಡಿಯಲ್ಲಿ ಉಳಿದ ಎರಡು ರೂಪಾಯಿ ಜೋಳದಲ್ಲಿ ಹೋದರೆ ಬಿತ್ತನೆ ಸಾಲ ತೀರಿಸುವುದು ಯಾವುದರಿಂದ?

ಕರಾರು ಅಂದರೆ ಹೀಗೇ ಮುಸುಕಿನಲ್ಲೇ ಆಗಬೇಕೆಂದೇನೂ ಇಲ್ಲ. ಹೊಳೆನರಸೀಪುರದ ಹರದನಹಳ್ಳಿಯವರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್ 12ರಂದು, ಬಾಂಗ್ಲಾದೇಶದ ಶೇಖ್ ಹಸೀನಾ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಅವಧಿ 30 ವರ್ಷ. ಜನವರಿ 1ರಿಂದ ಮೇ 31ರವರೆಗೆ ಫರಕ್ಕಾದಲ್ಲಿ ಹತ್ತು ಹತ್ತು ದಿನದ ಲೆಕ್ಕ. ನೀರು 70 ಸಾವಿರ ಕ್ಯುಸೆಕ್ ಇಲ್ಲವೇ ಅದಕ್ಕೂ ಕಡಿಮೆ ಇದ್ದರೆ ಅರ್ಧ ಅರ್ಧ. 75 ಸಾವಿರದವರೆಗೆ ಅವರಿಗೆ 35 ಸಾವಿರ, ಮಿಕ್ಕದ್ದು ನಮಗೆ. ಅದಕ್ಕೂ ಹೆಚ್ಚಿದ್ದರೆ ನಮಗೆ 40 ಸಾವಿರ, ಮಿಕ್ಕದ್ದು ಅವರಿಗೆ. ಹೇಮಾವತಿ ನಾಲೆಯಲ್ಲಿ ತೂಬಿನ ಸರದಿ ಕಾದವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಲ್ಲಿಗೆ ನೀರು ಹೆಚ್ಚು ಕೊಟ್ಟರು ಎಂದು ಬೈಯುವವರೂ ಇದ್ದಾರೆ, ಬೈಯಲಿ. ಅಂಕಿ ಕಣ್ಣೆದುರು ಇರುವುದರಿಂದ ಬೈಯಲು ಆಗುತ್ತದೆ. ನಾವು ಮಾತ್ರ 'ನಮ್ಮೂರಿನೋರು ಪ್ರಧಾನಿ' ಎಂದು ಹೆಮ್ಮೆಪಟ್ಟೆವೇ ಹೊರತು ಆ ಕಾಗದವನ್ನೂ ತೆಗೆದು ನೋಡಲಿಲ್ಲ.

ಅಮೆರಿಕದ ಜೊತೆಗಿನ ಕರಾರಿಗೂ ಅಂಥದೇ ಅಂಕಿ ಕೇಳಿ. ಹಿಂಡಿ ವರ್ಷಕ್ಕೆ ಎಷ್ಟು ಟನ್ನು, ಯಾವ ಸುಂಕಕ್ಕೆ, ಜೋಳ ಕೊಯ್ಲಿನ ತಿಂಗಳಲ್ಲೂ ಬರುತ್ತದೆಯೇ, ನಮ್ಮ ಜೋಳ 2,400ಕ್ಕಿಂತ ಕೆಳಗೆ ಬಿದ್ದರೆ ತಡೆಯುವ ಕಲಂ ಇದೆಯೇ? ನಿಮ್ಮ ಹಾಲು ಉತ್ಪಾದಕರ ಸಂಘದ ಸರ್ವಸದಸ್ಯರ ಸಭೆಯಲ್ಲಿ ಸಹಿ ಹಾಕಿ, ಭತ್ಯೆ ತಗೊಂಡು, ಊಟ ಮಾಡಿ ಎದ್ದು ಬರಬೇಡಿ. ಪೂರ್ತಿ ಪಟ್ಟಿ ಕನ್ನಡದಲ್ಲಿ ಬೇಕು ಎಂದು ಠರಾವು ಬರೆಸಿ. ಒಂದು ಪ್ರತಿ ಹಾಸನದ ಹಾಲು ಒಕ್ಕೂಟಕ್ಕೆ, ಒಂದು ನಿಮ್ಮ ಸಂಸದರಿಗೆ, ಒಂದು ದೆಹಲಿಯ ವಾಣಿಜ್ಯ ಇಲಾಖೆಗೆ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ.