ಬೇಲಿಯಲ್ಲೊಂದು ಕಿಂಡಿ ಇರಲಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳನ್ನೂ ಬಂಧುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಉಳಿದವರೂ ಓದಬಹುದು, ವಿಷಯ ದೂರದ್ದಾದರೂ ವಿಚಾರ ಹತ್ತಿರದ್ದೇ. ನಿಮ್ಮಲ್ಲಿ ಹಲವರು ಅಲ್ಲಿ ಸ್ವಂತ ಮನೆ ಕೊಂಡಿದ್ದೀರಿ. ಮನೆಯ ಹಿಂದೆ ಪುಟ್ಟ ಹಿತ್ತಲೂ ಇದೆ. ಆ ಹಿತ್ತಲಿಗೆ ರಾತ್ರಿಯ ಹೊತ್ತು ಬರಬಹುದಾದ ಅತಿಥಿಯೊಬ್ಬನ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ.

ಆ ಅತಿಥಿಯ ಹೆಸರು ಹೆಜ್‌ಹಾಗ್. ಇದನ್ನು ಮುಳ್ಳುಹಂದಿ ಎಂದು ಕರೆಯುವವರುಂಟು, ಅದು ಸರಿಯಲ್ಲ. ನಮ್ಮ ಕಾಡಿನ ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ಗೆಡ್ಡೆಗೆಣಸು, ಬೇರುಗಳನ್ನು ಕಡಿದು ತಿನ್ನುತ್ತದೆ. ಹೆಜ್‌ಹಾಗ್ ಆ ಬಳಗಕ್ಕೆ ಸೇರಿದ್ದಲ್ಲ. ಜೀರುಂಡೆ, ಕಂಬಳಿಹುಳು, ಎರೆಹುಳುಗಳೇ ಅದರ ಮುಖ್ಯ ಆಹಾರ. ಎರಡು ಅಂಗೈಗಳಲ್ಲಿ ಹಿಡಿಯುವಷ್ಟು ದೇಹ, ಬೆನ್ನ ತುಂಬ 5,000ಕ್ಕೂ ಹೆಚ್ಚು ಮುಳ್ಳು. ಅಪಾಯ ಕಂಡೊಡನೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಇದರ ದಾಯಾದಿ ಜಾತಿಯೊಂದು ತಮಿಳುನಾಡು, ಆಂಧ್ರಗಳ ಒಣ ಬಯಲುಗಳಲ್ಲಿದೆ. ಬೀಟ್ರಿಕ್ಸ್ ಪಾಟರ್ 1905ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಯೊಂದರಲ್ಲಿ ಇದನ್ನೇ ಬಟ್ಟೆ ಒಗೆಯುವ ಹೆಂಗಸನ್ನಾಗಿ ಚಿತ್ರಿಸಿದಳು. ಆಂಗ್ಲರಿಗೆ ಇದು ಅಷ್ಟು ಅಕ್ಕರೆಯ ಜೀವ.

ಆದರೆ ಅಕ್ಕರೆಯೊಂದೇ ಅದನ್ನು ಕಾಪಾಡಲಿಲ್ಲ. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪುಪಟ್ಟಿಯಲ್ಲಿ ಹೆಜ್‌ಹಾಗ್ ಅಳಿವಿನ ಭೀತಿ ಇರುವ ಪ್ರಾಣಿಯೆಂದು ದಾಖಲಾಯಿತು. 2022ರ ವರದಿಯೊಂದರ ಪ್ರಕಾರ, 2000ದಿಂದೀಚೆಗೆ ಗ್ರಾಮೀಣ ಪ್ರದೇಶಗಳಲ್ಲಿ ಇವುಗಳ ಸಂಖ್ಯೆ ಶೇಕಡಾ 30ರಿಂದ 75ರವರೆಗೆ ಕುಸಿದಿದೆ. ಹೊಲಗಳ ನಡುವಣ ಗಿಡಬೇಲಿಗಳನ್ನು ಕಿತ್ತದ್ದು, ಕೀಟನಾಶಕ, ರಸ್ತೆ ಇವೆಲ್ಲವೂ ಕಾರಣಗಳೇ. ಪಟ್ಟಣಗಳಲ್ಲಿ ಮಾತ್ರ ಕುಸಿತ ನಿಂತು, ಚೇತರಿಕೆಯ ಲಕ್ಷಣಗಳು ಕಂಡಿವೆ. ಹಳ್ಳಿಯಲ್ಲಿ ನೆಲೆ ಕಳೆದುಕೊಂಡ ಪ್ರಾಣಿಗೆ ಮನೆಗಳ ಹಿತ್ತಲೇ ಆಸರೆಯಾಗಿದೆ ಎಂದಾಯಿತು.

ಹಾಗಾದರೆ ಹಿತ್ತಲಿನ ಒಡೆಯರು ಮಾಡಬೇಕಾದುದೇನು? ಬಹಳ ಮಂದಿಗೆ ಮೊದಲು ಹೊಳೆಯುವುದು ಊಟವಿಡುವುದು, ಗೂಡು ಕೊಂಡು ತಂದಿಡುವುದು. ಇವು ತಪ್ಪಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಮುಖ್ಯವಾದದ್ದು ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಎತ್ತರದ ಒಂದು ಕಿಂಡಿ. ಹೆಜ್‌ಹಾಗ್ ಒಂದು ರಾತ್ರಿಯಲ್ಲಿ ಆಹಾರಕ್ಕಾಗಿ, ಸಂಗಾತಿಗಾಗಿ ಒಂದೆರಡು ಕಿಲೋಮೀಟರ್ ಅಲೆಯುತ್ತದೆ. ಎಷ್ಟೇ ಸುಂದರವಾದ ತೋಟವಾದರೂ ಸುತ್ತ ಮುಚ್ಚಿದ್ದರೆ ಅದಕ್ಕೆ ಪ್ರಯೋಜನವಿಲ್ಲ. ಅಲ್ಲಿನ ಎರಡು ಸಂಸ್ಥೆಗಳು ಕೂಡಿ 2011ರಲ್ಲಿ ಆರಂಭಿಸಿದ ‘ಹೆಜ್‌ಹಾಗ್ ಸ್ಟ್ರೀಟ್’ ಎಂಬ ಅಭಿಯಾನದ ತಿರುಳೂ ಇದೇ: ಒಂದು ಮನೆಯಲ್ಲ, ಇಡೀ ಬೀದಿ ತೆರೆದುಕೊಳ್ಳಬೇಕು.

ಸಾಕುಪ್ರಾಣಿ ತಪ್ಪಿಸಿಕೊಂಡೀತೆಂಬ ಆತಂಕ ಬೇಡ. ಬಹುತೇಕ ನಾಯಿಗಳು ಇಷ್ಟು ಸಣ್ಣ ಕಿಂಡಿಯಲ್ಲಿ ನುಸುಳಲಾರವು. ಹೊಲಗಳೂ ಹೆದ್ದಾರಿಗಳೂ ಇರುವಾಗ ಒಂದು ಕಿಂಡಿಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಲವೂ ಹೆದ್ದಾರಿಯೂ ನಮ್ಮ ಕೈಯಲ್ಲಿಲ್ಲ, ಬೇಲಿ ಇದೆ.

ಇನ್ನೊಂದು ಮಾತು. ಬೇಲಿ ಇಬ್ಬರಿಗೆ ಸೇರಿದ್ದು. ಕಿಂಡಿ ಕೊರೆಯಬೇಕಾದರೆ ಪಕ್ಕದ ಮನೆಯ ಬಾಗಿಲು ತಟ್ಟಿ ಒಪ್ಪಿಗೆ ಕೇಳಲೇಬೇಕು. ಪರದೇಶದಲ್ಲಿ ಹತ್ತು ವರ್ಷ ಬಾಳಿಯೂ ನೆರೆಯವರ ಹೆಸರು ತಿಳಿಯದ ನಮ್ಮವರನ್ನು ನಾನು ಬಲ್ಲೆ. ಮಾತು ಆರಂಭಿಸಲು ಇದಕ್ಕಿಂತ ಒಳ್ಳೆಯ ನೆಪ ಯಾವುದಿದೆ?

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಎಚ್ಚರಿಕೆಗಳೂ ಉಂಟು. ಅಕ್ಕರೆ ಉಕ್ಕಿದರೆ ಹಾಲೆರೆಯುವುದು ನಮ್ಮ ಸ್ವಭಾವ. ನಾಗರ ಪಂಚಮಿಯಂದು ಹುತ್ತಕ್ಕೆರೆದ ಹಾಲು ಹಾವಿಗೆ ಹೇಗೆ ಆಹಾರವಲ್ಲವೋ ಹಾಗೆಯೇ ಹೆಜ್‌ಹಾಗಿಗೂ ಹಾಲು ಜೀರ್ಣವಾಗದು, ಹೊಟ್ಟೆ ಕೆಡುತ್ತದೆ. ತಗ್ಗು ತಟ್ಟೆಯಲ್ಲಿ ನೀರಿಡಿ, ಸಾಕು. ಊಟವಿಡಲೇಬೇಕೆಂದರೆ ಬೆಕ್ಕು ನಾಯಿಗಳಿಗೆ ಮಾರುವ ಮಾಂಸಾಹಾರವಾಗಬಹುದು. ನವೆಂಬರ್ 5ರ ಬೆಂಕಿಹಬ್ಬ ನಮ್ಮ ದೀಪಾವಳಿಯ ಆಸುಪಾಸಿಗೇ ಬರುತ್ತದೆ. ಚಳಿಗಾಲದ ನಿದ್ರೆಗೆ ಜಾಗ ಹುಡುಕುವ ಪ್ರಾಣಿಗೆ ಒಟ್ಟಿದ ಸೌದೆರಾಶಿ ಸಿದ್ಧ ಮನೆಯಂತೆ ಕಾಣುತ್ತದೆ. ಆದ್ದರಿಂದ ರಾಶಿಯನ್ನು ಸುಡುವ ದಿನವೇ ಒಟ್ಟಿ, ಹಚ್ಚುವ ಮುನ್ನ ಬುಡ ನೋಡಿ. ಗೊಂಡೆಹುಳುಗಳಿಗೆ ವಿಷದ ಗುಳಿಗೆ ಚೆಲ್ಲಬೇಡಿ. ಮೆಟಾಲ್ಡಿಹೈಡ್ ಗುಳಿಗೆಗಳ ಹೊರಾಂಗಣ ಬಳಕೆಯನ್ನು ಅಲ್ಲಿ 2022ರಲ್ಲಿ ನಿಷೇಧಿಸಿಯೂ ಆಗಿದೆ. ಸ್ವಯಂಚಾಲಿತ ಹುಲ್ಲು ಕತ್ತರಿಸುವ ಯಂತ್ರವನ್ನು ರಾತ್ರಿ ಓಡಿಸಬೇಡಿ. ಕೊಳವಿದ್ದರೆ ಹತ್ತಿ ಬರಲು ಇಳಿಜಾರು ಹಲಗೆಯಿರಲಿ. ಒಂದು ಮೂಲೆಯಲ್ಲಿ ತರಗೆಲೆಗಳನ್ನು ಗುಡಿಸದೆ ಬಿಡಿ. ಎಲ್ಲಕ್ಕಿಂತ ಮಿಗಿಲಾಗಿ, ಗುಡಿಸುವ ಶ್ರಮ ತಪ್ಪಿಸಲೆಂದು ಅಂಗಳಕ್ಕೆಲ್ಲ ಕಲ್ಲುಹಾಸು ಹಾಸಬೇಡಿ.

ಇಲ್ಲಿರುವ ನಾವಾದರೂ ಏನು ಮಾಡುತ್ತಿದ್ದೇವೆ? ನಿವೇಶನದ ಅಂಚಿನವರೆಗೆ ಕಾಂಕ್ರೀಟು, ಆಳೆತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು. ಕಪ್ಪೆ, ಓತಿಕ್ಯಾತ, ಹಾವುರಾಣಿಗಳಿಗೆ ದಾರಿಯೆಲ್ಲಿ? ಮನೆಯ ಹಕ್ಕುಪತ್ರದಲ್ಲಿ ನಮ್ಮ ಹೆಸರಿರಬಹುದು. ಆದರೆ ಆ ನೆಲದ ಮೇಲೆ ಹಾದುಹೋಗುವ ಹಕ್ಕು ನಮ್ಮೊಬ್ಬರದೇ ಅಲ್ಲ.

ನಿಮ್ಮಲ್ಲಿ ಯಾರಾದರೂ ಕಿಂಡಿ ಕೊರೆದರೆ ನನಗೊಂದು ಸಾಲು ಬರೆದು ತಿಳಿಸಿ. ಯಾರು ಬಂದರು ಎಂಬುದನ್ನೂ, ನೆರೆಯವರ ಹೆಸರೇನು ಎಂಬುದನ್ನೂ ಅದರಲ್ಲಿ ಬರೆಯುವುದನ್ನು ಮರೆಯಬೇಡಿ.